ಅಳ್ಳೆಯ ಪಾಲು

ಹೆಡತಲೆ
೨೬-೫-೨೦೦೨

ಪ್ರೀತಿಯ ತಮ್ಮ ಚಿಕ್ಕಮಾದುವಿಗೆ ಅಕ್ಕ ಮುತ್ತಮ್ಮನ ಆಶೀರ್ವಾದ.

ನಿನ್ನ ಆರೋಗ್ಯ ಹೇಗಿದೆ? ಸಂಕ್ರಾಂತಿಯ ಹೊತ್ತಿನಲ್ಲಿ ತೆಂಗಿನಕಾಯಿ ಮಾರಲು ಈ ಕಡೆ ಬಂದಿದ್ದ ನಿಮ್ಮೂರಿನ ನಿಂಗರಾಜು, ನೀನು ನಾಲೆಯ ಏರಿಯ ಮೇಲೆ ತಲೆ ಸುತ್ತಿ ಬಿದ್ದೆ ಎಂದು ಹೇಳಿದ. ಎತ್ತಲು ಬಂದವರು ಮೊದಲು ನಿನ್ನ ಬಾಯಿ ಮೂಸಿ ನೋಡಿದರಂತೆ. ಮೂವತ್ತು ವರ್ಷ ನೀರುಗಂಟಿಯಾಗಿ ಊರಿನ ಗದ್ದೆಗೆಲ್ಲ ನೀರು ಬಿಟ್ಟವನ ಬಾಯಿಯನ್ನು ಮೂಸಿ ನೋಡುವ ಕಾಲ ಬಂತು. ಆಮೇಲೆ ನರಸೀಪುರದಲ್ಲಿ ರಕ್ತ ಪರೀಕ್ಷೆ ಮಾಡಿಸಿ ಸಕ್ಕರೆ ಕಾಯಿಲೆ ಎಂದರಂತೆ, ಹಲ್ಲನ್ನೆಲ್ಲ ಕೀಳಿಸಿದರಂತೆ. ಹೊಸ ಹಲ್ಲು ಕಟ್ಟಿಸಿಕೊಂಡೆಯೋ, ಇಲ್ಲವೋ? ಕಟ್ಟಿಸಿಕೊಂಡು ಡಬ್ಬಿಯಲ್ಲಿ ಇಟ್ಟಿರುತ್ತೀಯ, ನನಗೆ ಗೊತ್ತು. ಚಿಕ್ಕಂದಿನಲ್ಲಿ ಅವ್ವ ಹೊಸ ಚಪ್ಪಲಿ ತಂದುಕೊಟ್ಟರೆ ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದವನು ನೀನು. ಕಾಫಿಗೆ ಸಕ್ಕರೆ ಹಾಕಬೇಡ ಎಂದು ದೇವೀರಮ್ಮನಿಗೆ ನಾನು ಹೇಳಿದೆನೆಂದು ಹೇಳು. ಅವಳ ಸೊಂಟದ ನೋವು ಹೇಗಿದೆ? ಬಿಸಿ ಮರಳಿನ ಕಾವು ಕೊಡಲು ಹೇಳು. ನನ್ನ ವಿಷಯ ಕೇಳುವುದಾದರೆ, ಬಲಗಾಲಿನ ಮಂಡಿ ಮಡಿಸಲು ಆಗುವುದಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಅಡುಗೆಮನೆಗೆ ಬರಬೇಡಿ ಎನ್ನುತ್ತಾರೆ.

ಮೊಮ್ಮಗಳು ಕೋಮಲ, ಕಾಗದ ಯಾಕಜ್ಜಿ, ಎಸ್‌ಟಿಡಿ ಬೂತಿನಿಂದ ಮಾತಾಡು ಎಂದಳು. ಫೋನಿನಲ್ಲಿ ನಾನು ಹಲೋ ಎಂದು, ಆ ಕಡೆ ನೀನು ಸುಮ್ಮನೆ ನಿಂತುಬಿಟ್ಟರೆ ಏನು ಮಾಡುವುದು? ಅದಕ್ಕಿಂತ ಕಾಗದ ಒಳ್ಳೆಯದು. ಕಾಗದ ಓದುವವನು ಸುಮ್ಮನಿದ್ದೇ ಓದಬೇಕು. ಅಲ್ಲದೆ ನಾನು ಹೈಸ್ಕೂಲು ಓದಿದವಳು. ನರಸೀಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇದ್ದುಕೊಂಡು, ತರಗತಿಗೆ ನಾಲ್ಕೇ ಜನ ಹೆಣ್ಣುಮಕ್ಕಳಿದ್ದ ಕಾಲದಲ್ಲಿ ಓದಿದವಳು. ಆಗ ಸೋಮನಾಥಪುರದ ಬಳಿಯ ನಮ್ಮ ಊರಿನವರಿಗೆಲ್ಲ ಕಾಗದ ಬರೆದುಕೊಡುತ್ತಿದ್ದದ್ದು ನಾನೇ. ನಿನಗೆ ಮಾತ್ರ ಬರೆಯುವ ಸಂದರ್ಭ ಬಂದಿರಲಿಲ್ಲ. ನೀನು ಪಕ್ಕದಲ್ಲೇ ಕೂತು ಮಸಿಕುಡಿಕೆ ಹಿಡಿದುಕೊಂಡಿರುತ್ತಿದ್ದೆ.

ಈಗ ಮನೆಯ ಸಮಾಚಾರ. ನಮ್ಮ ಹೆಂಚಿನ ಮನೆ ಬಿಚ್ಚಿಸಿ ಮೋಲ್ಡ್ ಹಾಕಿಸಿದ್ದೇವೆ. ಈ ಕಾಗದ ತರುತ್ತಿರುವ ನಿಂಗರಾಜು ಹೇಳಬಹುದು, ಆದರೂ ಮನೆಯವಳು ಹೇಳಿದಂತೆ ಆಗುವುದಿಲ್ಲ. ನನ್ನ ಮಗ ನಂಜುಂಡಸ್ವಾಮಿ ಎಂಟು ವರ್ಷದಿಂದ ಇದೇ ಹಟ ಹಿಡಿದಿದ್ದ. ಸುತ್ತಮುತ್ತ ಎಲ್ಲರದೂ ಆರ್‌ಸಿಸಿ ಆಯಿತು, ಕೋತಿಗಳು ನಮ್ಮ ಹೆಂಚನ್ನೇ ಹುಡುಕಿಕೊಂಡು ಬರುತ್ತವೆ ಎಂದು ಪ್ರತಿ ಮಳೆಗಾಲದಲ್ಲೂ ಮಾತು ತೆಗೆಯುತ್ತಿದ್ದ. ನಾನು ಸತ್ತ ಮೇಲೆ ಏನಾದರೂ ಕಟ್ಟಿಕೋ, ನಾನಿರುವಾಗ ಈ ಸೂರಿಗೆ ಕೈ ಹಾಕಬೇಡ ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ. ಈ ವರ್ಷ ಸಂಕ್ರಾಂತಿ ಕಳೆದ ವಾರ, ಬೆಳಿಗ್ಗೆ ಅವನು ಮುದ್ದೆ ಮುರಿಯುತ್ತಿದ್ದಾಗ, ಶಿವರಾತ್ರಿ ಆದಮೇಲೆ ಸೂರು ಬಿಚ್ಚಿಸು ಎಂದೆ. ಅವನು ಮುರಿದ ತುತ್ತನ್ನು ಹಾಗೇ ಹಿಡಿದುಕೊಂಡು ಹೆಂಡತಿಯ ಮುಖ ನೋಡಿದ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಯಾಕೆ ಒಪ್ಪಿದೆ ಎಂದು ಅವರು ಕೇಳಲಿಲ್ಲ, ಎಲ್ಲಿ ಮತ್ತೆ ಬೇಡ ಎಂದುಬಿಡುತ್ತೇನೋ ಎಂಬ ಹೆದರಿಕೆ. ನಾನೂ ಹೇಳಲಿಲ್ಲ.

ಬಿಚ್ಚುವ ದಿನ ನಾನು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ. ಹೆಂಚು ಇಳಿಸಿದರು, ರಿಪೀಸು ಕಿತ್ತರು, ಗಳ ಬಿಚ್ಚಿದರು. ಕೊನೆಗೆ ಬೆನ್ನುಮರವನ್ನು ಹಗ್ಗ ಕಟ್ಟಿ ಇಳಿಸಿದಾಗ ಒಳಗಿನ ಮಸಿಯೆಲ್ಲ ಎದ್ದು ಅರ್ಧ ಬೀದಿ ಕಪ್ಪಾಯಿತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಊದಿದ ಒಲೆಯ ಹೊಗೆ ಅದು. ಮರ ಗಟ್ಟಿಯಾಗಿದೆ, ಕೊಟ್ಟಿಗೆಗೆ ಹಾಕೋಣ ಎಂದು ನಂಜುಂಡ ಹೇಳಿದ. ಬೇಡ ಎಂದೆ. ಡಿಪೋದವನು ಕೊಂಡುಕೊಳ್ಳಲು ಬಂದ. ಅದೂ ಬೇಡ ಎಂದೆ. ಹೆಂಚನ್ನು ಹುಲ್ಲಹಳ್ಳಿ ಕಡೆಯವರೊಬ್ಬರಿಗೆ ಸುಮ್ಮನೆ ಕೊಡಿಸಿದೆ, ಮರವನ್ನೆಲ್ಲ ಸೌದೆ ಮಾಡಿಸಿದೆ. "ಅವ್ವಂಗೆ ಯಾನೋ ಆಗದೆ ಕಣೆ, ತೇಗದ ತೊಲೆ ತಕ್ಕೋಗಿ ನೀರೊಲೆಗೆ ಮಡುಗ್ತಾವ್ಳೆ" ಎಂದು ನನ್ನ ಮಗ ಕೊಟ್ಟಿಗೆಯ ಹಿಂದೆ ನಿಂತು ಹೆಂಡತಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಕಿವಿ ಇನ್ನೂ ಚೆನ್ನಾಗಿದೆ. ಎರಡು ತಿಂಗಳು ಮನೆಯವರೆಲ್ಲ ಆ ಸೂರಿನಲ್ಲಿ ಕಾಯಿಸಿದ ನೀರಿನಲ್ಲಿ ಸ್ನಾನ ಮಾಡಿದರು.

ಈಗ ನಾನು ನಿನಗೆ ಬರೆಯಲು ಕೂತ ವಿಷಯಕ್ಕೆ ಬರುತ್ತೇನೆ. ಮೋಲ್ಡ್ ಹಾಕಿದ ದಿನ ಕೆಲಸದವರಿಗೆ ಬಾಡೂಟ ಹಾಕುವುದು ಈಗಿನ ಪದ್ಧತಿ. ಅದಕ್ಕೂ ಒಂದು ಕುರಿ ಕೊಯ್ಯಿಸಿದೆವು. ಕೊಯ್ಯಲು ಬಂದವನು ನಂಜನಗೂಡಿನ ಚೆಲುವಯ್ಯ, ನನಗಿಂತ ಹತ್ತು ವರ್ಷ ದೊಡ್ಡವನು, ಕಣ್ಣು ಮಂಜಾಗಿದ್ದರೂ ಕೈ ಮಂಜಾಗಿಲ್ಲ. ತೊಡೆ ಬೇರೆ, ಪಕ್ಕೆ ಬೇರೆ, ಕೈ ಬೇರೆ ಮಾಡಿ ಇಟ್ಟು, ಕೊನೆಯ ಪಕ್ಕೆಲುಬಿಗೂ ತೊಡೆಗೂ ನಡುವೆ ಇರುವ ಮೂಳೆ ಇಲ್ಲದ ತೆಳು ಮಾಂಸವನ್ನು ಒಂದೇ ಹಾಳೆಯಂತೆ ಬಿಡಿಸಿ ಎಲೆಯ ಮೇಲೆ ಹಾಸಿದ. ಆಮೇಲೆ ಕತ್ತಿ ಒರೆಸಿಕೊಳ್ಳುತ್ತ, "ಅಳ್ಳೆ ಯಾರ್ದವ್ವ ಈ ಮನೇಲಿ?" ಎಂದ. ಮೋಲ್ಡಿನ ಮೇಸ್ತ್ರಿ ನಕ್ಕು, "ಅಳ್ಳೆನೋ ಗುಳ್ಳೆನೋ, ನಂಗಾಕ್ಬುಡಿ ತಾತ, ಮೂಳೆ ಇಲ್ದಿದ್ರೆ ಸೈ" ಎಂದ. ನಂಜುಂಡ, "ಯಾರ್ಗಾದ್ರೂ ಆಕಯ್ಯ, ಬಾಡು ಬಾಡೇ ಅಲ್ವಾ" ಎಂದ. ಚೆಲುವಯ್ಯ ಎಲೆಯನ್ನು ಎತ್ತಿ ಮೇಸ್ತ್ರಿಯ ಕಡೆ ನೀಡಿಯೇಬಿಟ್ಟಿದ್ದ. ನಾನು ಅಲ್ಲಿಡು ಎಂದೆ. ನನ್ನ ದನಿ ಸ್ವಲ್ಪ ಜೋರಾಯಿತು ಎಂದು ಕಾಣುತ್ತದೆ. ಕಾಂಕ್ರೀಟು ಕಲೆಸುವ ಯಂತ್ರದ ಹತ್ತಿರ ನಿಂತಿದ್ದವರೂ ತಿರುಗಿ ನೋಡಿದರು. ಎಲೆಯನ್ನು ಮಡಿಸಿ ಒಳಗೆ ತೆಗೆದುಕೊಂಡು ಹೋದೆ. ಹೋಗುವಾಗ ಚೆಲುವಯ್ಯ ಮೆಲ್ಲಗೆ, "ಬುಡಿ, ಅಕ್ದಾರ್ರು ಅವ್ರೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಹಕ್ಕುದಾರರು ಎಲ್ಲಿದ್ದಾರೆ ಎಂದು ಅವನಿಗೇನು ಗೊತ್ತು.

ಕೋಮಲ ನಂಜನಗೂಡಿನಲ್ಲಿ ಪಿಯುಸಿ ಓದುತ್ತಿದ್ದಾಳೆ. ರಜೆಯಲ್ಲಿ ಮನೆಯ ಹಿರಿಯರಿಂದ ಹಳೆಯ ಮಾತುಗಳನ್ನು ಕೇಳಿ, ಅರ್ಥವನ್ನೂ ಮೂಲವನ್ನೂ ಬರೆದುಕೊಂಡು ಬರಲು ಅವಳ ಕನ್ನಡ ಮೇಷ್ಟ್ರು ಹೇಳಿದ್ದಾರಂತೆ. ಅವಳು ಅವತ್ತು ಸಂಜೆಯೇ ನನ್ನ ಪಕ್ಕ ಬಂದು ಕೂತು, ಅಳ್ಳೆ ಎಂದರೆ ಏನಜ್ಜಿ, ನೀನು ಮಳೆ ಬಂದಾಗಲೆಲ್ಲ ಮನೆಯ ಅಳ್ಳೆ ಸೋರುತ್ತೆ ಅಂತಿದ್ದೆ, ಅದು ಕುರಿಗೂ ಹೇಗೆ ಬಂತು ಎಂದು ಕೇಳಿದಳು. ನಿಘಂಟಿನಲ್ಲಿ ನೋಡಿದ್ದಾಳೆ. ಅಲ್ಲಿ ಪಕ್ಕೆ, ಹೊಟ್ಟೆಯ ಮಗ್ಗುಲು ಎಂದು ಒಂದೇ ಸಾಲು ಇದೆಯಂತೆ, ಮನೆಯ ಮಾತೇ ಇಲ್ಲವಂತೆ. ಹಾಗಾದರೆ ನಮ್ಮ ಮನೆಗೆ ಅಳ್ಳೆ ಇರಲಿಲ್ಲವೇ? ಇತ್ತು. ನಾನು ಅವಳನ್ನು ಹೊರಗೆ ಕರೆದುಕೊಂಡು ಹೋಗಿ ತೋರಿಸೋಣ ಎಂದು ಎದ್ದು ನಿಂತೆ. ಎದ್ದ ಮೇಲೆ ನೆನಪಾಯಿತು, ತೋರಿಸಲು ಏನೂ ಉಳಿದಿಲ್ಲ. ಹಿಂದಿನ ಬೀದಿಯಲ್ಲಿ ಒಂದು ಹಳೆಯ ಮನೆ ಇದೆ, ಅದರ ತುದಿಯನ್ನು ತೋರಿಸಿದೆ. ನಡುವಿನ ಬೆನ್ನುಮರದಿಂದ ಎರಡು ಕಡೆ ಇಳಿಯುವುದು ಪಕ್ಕೆ, ಅದಕ್ಕೆ ಗೋಡೆಯ ಆಸರೆ ಇದೆ. ಬೆನ್ನುಮರ ಮುಗಿದ ಮೇಲೆ ತುದಿಯಲ್ಲಿ ಒಂದು ಇಳಿಜಾರು ಹೊರಳಿಕೊಂಡು ಕೆಳಗಿಳಿಯುತ್ತದಲ್ಲ, ನಡುವೆ ಕಂಬವಿಲ್ಲ, ಗೋಡೆಯಿಲ್ಲ, ಅದು ಅಳ್ಳೆ ಎಂದೆ. ಅವಳು ಬರೆದುಕೊಂಡಳು. ಆಮೇಲೆ, ಮೂಲ ಯಾವುದು, ಮನೆಯಿಂದ ಕುರಿಗೋ ಕುರಿಯಿಂದ ಮನೆಗೋ ಎಂದು ಕೇಳಿದಳು.

ನನಗೆ ನಗು ಬಂತು. ಈ ಪ್ರಶ್ನೆಗೆ ನಾವಿಬ್ಬರೂ ಎಷ್ಟು ಜಗಳ ಆಡಿಲ್ಲ. ಅಪ್ಪ ಬೇಸಾಯದವನೇ ಆದರೂ ಸೂರು ಕಟ್ಟುವುದಕ್ಕೂ ಹಬ್ಬದಲ್ಲಿ ಕುರಿಯ ಪಾಲು ಹಾಕುವುದಕ್ಕೂ ಊರಿನವರು ಅವನನ್ನೇ ಕರೆಯುತ್ತಿದ್ದರು. ಬೆಳಿಗ್ಗೆ ಬಿದಿರು ಸೀಳಿದ ಕೈಯೇ ಮಧ್ಯಾಹ್ನ ಪಕ್ಕೆಲುಬು ಬಿಡಿಸುತ್ತಿತ್ತು. ಎರಡಕ್ಕೂ ಬೇರೆ ಬೇರೆ ಹೆಸರು ಹುಡುಕುತ್ತ ಕೂರಲು ಅವನಿಗೆ ಪುರುಸೊತ್ತೂ ಇರಲಿಲ್ಲ. ಬೆನ್ನು, ಪಕ್ಕೆ, ಅಳ್ಳೆ ಎಂದು ಕುರಿಗೆ ಹೇಳಿದ್ದನ್ನೇ ಸೂರಿಗೂ ಹೇಳುತ್ತಿದ್ದ. ನೀನು ಮನೆಯೇ ಮೊದಲು ಎನ್ನುತ್ತಿದ್ದೆ, ಮನೆ ಇಲ್ಲದೆ ಕುರಿಯನ್ನು ಎಲ್ಲಿ ಕಟ್ಟುತ್ತಿದ್ದರು ಎಂದು ನಿನ್ನ ವಾದ. ನಾನು ಕುರಿಯೇ ಮೊದಲು ಎನ್ನುತ್ತಿದ್ದೆ. ಓಡಿ ಬಂದ ಕುರಿ ನಿಂತು ಏದುಸಿರು ಬಿಡುವಾಗ ನೋಡು, ಪಕ್ಕೆ ಅಲುಗುವುದಿಲ್ಲ, ಅಳ್ಳೆ ಮಾತ್ರ ಒಳಗೆ ಹೊರಗೆ ಆಡುತ್ತದೆ. ಸೂರಿನಲ್ಲೂ ಗಾಳಿ ಬಂದರೆ ಆಡುವುದು ಆ ಮೂಲೆಯೇ. ಯಾರೋ ಅದನ್ನು ಕೆಳಗೆ ಮಲಗಿಕೊಂಡು ನೋಡಿ ಕುರಿಯ ಹೆಸರು ಇಟ್ಟಿರಬೇಕು. ಅಳ್ಳಾಡುವುದು ಎನ್ನುತ್ತೇವಲ್ಲ, ಅದೂ ಅಲ್ಲಿಂದಲೇ ಬಂದಿರಬೇಕು ಎಂದು ನನ್ನ ಊಹೆ. ಇದನ್ನು ಕೋಮಲಳಿಗೆ ಹೇಳಿದ್ದೇನೆ, ಊಹೆ ಎಂದೇ ಬರೆ ಎಂದಿದ್ದೇನೆ. ಜಗಳ ಬಿಡಿಸಲು ಬಂದ ಅಪ್ಪ ಏನೋ ಒಂದು ಮಾತು ಹೇಳಿದ್ದ. "ಅಲ್ಲಿ ಮೂಳೆ ಇಲ್ಲ ಕಣ್ರಪ್ಪ, ಅದ್ಕೇ ಆಳು ನಿಂತ್ಕೋಬೇಕು" ಎಂದದ್ದು ನೆನಪಿದೆ. ಅದರ ಹಿಂದೆ ಮುಂದೆ ಇನ್ನೂ ಏನೋ ಹೇಳಿದ. ನೀನು ಸೂರಿನ ಮೇಲೆ ಅವನ ಪಕ್ಕ ಇದ್ದೆ, ನಾನು ಕೆಳಗಿನಿಂದ ಹುರಿ ಎಸೆಯುತ್ತಿದ್ದೆ. ನನಗೆ ಪೂರ್ತಿ ಕೇಳಿಸಲಿಲ್ಲ. ನಿನಗೆ ನೆನಪಿದ್ದರೆ ಹೇಳಬೇಕು. ಇದನ್ನು ಕೇಳಲು ನಿನ್ನನ್ನು ಬಿಟ್ಟರೆ ಬೇರೆ ಯಾರಿದ್ದಾರೆ ಎಂದು ಯೋಚಿಸಿದೆ. ಬೆರಳು ಮಡಿಸಲು ಹೋಗಿ ಕೈ ಹಾಗೇ ಉಳಿಯಿತು.

ಆಳು ಯಾರು ಎಂದು ಕೋಮಲ ಕೇಳಿದಳು. ಅದನ್ನೂ ಹೇಳಿದೆ. ನಮ್ಮ ಕಡೆ ಹೆಣ್ಣು ಕೊಟ್ಟ ಮನೆಗೆ ಹೊಸ ಸೂರು ಏರುವಾಗ ಅವಳ ತವರಿನಿಂದ ಒಬ್ಬ ಬರಬೇಕು. ಬೆನ್ನುಮರಕ್ಕೂ ಪಕ್ಕೆಗೂ ಗಂಡನ ಮನೆಯವರು, ಅಳ್ಳೆಗೆ ಮಾತ್ರ ತವರಿನವನ ಹೆಗಲು. ಬಡಗಿ ಮೂಲೆಯ ಮರವನ್ನು ಕೂಡಿಸಿ, ಗಳ ಬಿಗಿದು, ಹೆಂಚು ಹೊದಿಸಿ ಮುಗಿಸುವವರೆಗೆ ಅವನು ಕೆಳಗೆ ನಿಂತು ಹೊರಬೇಕು. ನಡುವೆ ನೀರು ಬೇಕಾದರೆ ಅಕ್ಕತಂಗಿಯ ಕೈಯಿಂದಲೇ ಕುಡಿಯಬೇಕು. ಮುಗಿದ ಮೇಲೆ ಕುರಿಯ ಅಳ್ಳೆಯನ್ನು ಎಲೆಯಲ್ಲಿ ಕಟ್ಟಿ ಅವಳೇ ಅವನ ಕೈಗೆ ಕೊಡಬೇಕು, ಅದು ತವರಿಗೆ ಹೋಗಿ ಅಲ್ಲಿ ಬೇಯಬೇಕು. ಕೋಮಲ, ನಿಮ್ಮ ಅಳ್ಳೆಗೆ ಯಾರು ನಿಂತಿದ್ದರಜ್ಜಿ ಎಂದಳು. ಸೋಮನಾಥಪುರದ ಕಡೆಯ ನಿನ್ನ ತಾತ ಎಂದೆ. ಊಟ ಮಾಡದ ತಾತನಾ ಎಂದಳು. ಈ ಮನೆಯ ಮಕ್ಕಳಿಗೆ ನಿನ್ನ ಹೆಸರು ಅದೇ ಆಗಿಬಿಟ್ಟಿದೆ.

ಎಪ್ಪತ್ತೊಂಬತ್ತರಲ್ಲಿ ಹುಲ್ಲಿನ ಸೂರು ತೆಗೆದು ಹೆಂಚು ಹಾಕಿಸಿದ ದಿನ ನನಗೆ ನಿನ್ನೆ ನಡೆದಷ್ಟು ಸ್ಪಷ್ಟವಾಗಿದೆ. ನೀನು ಹಿಂದಿನ ದಿನವೇ ಬಂದೆ. ಅಪ್ಪನ ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಡಿಸಿ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದೆ. ಬಡಗಿ ಮಾರಯ್ಯ ನಿನ್ನ ಮೈ ನೋಡಿ, "ಇವ ತಡ್ದಾನಾ? ನೀರ್ಗಂಟಿ ಎಗಲು, ಗುದ್ಲಿ ಮಡುಗಿ ಅಭ್ಯಾಸ" ಎಂದು ಛೇಡಿಸಿದ. "ನೀನು ಮೊಳೆ ನೆಟ್ಟಗೆ ಒಡಿ ಮಾರಣ್ಣ, ಎಗಲು ನಂದು" ಎಂದೆ ನೀನು. ಬಿಸಿಲೇರುವ ಮೊದಲು ಹೊತ್ತವನು ಬಿಸಿಲು ಇಳಿಯುವವರೆಗೂ ಕದಲಲಿಲ್ಲ. ನಾನು ಮೂರು ಸಲ ನೀರು ತಂದೆ. ಕೈ ಬಿಡಲು ಆಗದೆ ನೀನು ಕತ್ತು ಮೇಲೆತ್ತಿ ಬಾಯಿ ತೆರೆದೆ, ನಾನು ಹುಯ್ದೆ. ಅರ್ಧ ನೀರು ಎದೆಯ ಮೇಲೆ ಹರಿಯಿತು. ಕೊನೆಗೆ ಮಾರಯ್ಯ ಮೇಲಿನಿಂದ "ಬುಡು ಮಾದಪ್ಪ" ಎಂದ. ನೀನು ಮೆಲ್ಲಗೆ ಮಂಡಿ ಬಗ್ಗಿಸಿ ಹೆಗಲು ತೆಗೆದೆ. ಸೂರು ಒಂದು ಸಲ ಗಂಟಲು ಸರಿಮಾಡಿಕೊಂಡಂತೆ ಶಬ್ದ ಮಾಡಿ ಕೂತಿತು. ಆ ಶಬ್ದವನ್ನು ನಾನು ಆಮೇಲೆ ಎಷ್ಟೋ ಗಾಳಿಮಳೆಯಲ್ಲಿ ಕೇಳಿದ್ದೇನೆ, ಕೇಳಿದಾಗಲೆಲ್ಲ ಆ ಮೂಲೆಯ ಕೆಳಗೆ ನೋಡಿದ್ದೇನೆ.

ಅಷ್ಟರಲ್ಲಿ ಕಂದಾಯದ ಶೇಕ್ದಾರರು ಬಂದರು. ಯಾರು ಕರೆದಿದ್ದರೋ ಗೊತ್ತಿಲ್ಲ, ಬಾಡಿನ ವಾಸನೆಯೇ ಕರೆಯಿತೋ ಏನೋ. ನಮ್ಮ ಮಾವ ಎಲೆಗಳ ಮೇಲೆ ಪಾಲಿನ ಗುಡ್ಡೆ ಹಾಕುತ್ತ ಕೂತಿದ್ದರು. ಖಾತೆಯ ಕೆಲಸ ಯಾವುದೋ ಆಗಬೇಕಿತ್ತು, ದೊಡ್ಡ ಮನುಷ್ಯರು ಮೂಳೆ ಕಡಿಯುವುದು ಚೆಂದವಲ್ಲ ಎಂದು ಅಳ್ಳೆಯನ್ನು ಎತ್ತಿ ಶೇಕ್ದಾರರ ಎಲೆಗೆ ಹಾಕಿದರು. ನಿನ್ನ ಎಲೆಗೆ ಕತ್ತಿನ ಮೂಳೆ ಹಾಕಿ, ತೂಕದಲ್ಲಿ ಕಡಿಮೆ ಇಲ್ಲ ನೋಡು ಎಂದರು. ಅವರಿಗೆ ಅದು ಮಾಂಸದ ತೂಕ. ನೀನು ಎಲೆಯನ್ನು ಮುಟ್ಟಲಿಲ್ಲ. ಹಿತ್ತಲ ಬಾಗಿಲಿಗೆ ಬಂದೆ. ನಾನು ಒಲೆಯ ಮುಂದೆ ಸೌಟು ಹಿಡಿದಿದ್ದೆ. "ಅಕ್ಕ, ಎಗಲು ನಮ್ದು, ಅಳ್ಳೆ ಶೇಕ್ದಾರ್ರುದಾ?" ಎಂದೆ. ನಾನು ಸಾರು ತಿರುವಿದೆ. ಸೊಸೆಯಾದವಳು ಮಾವ ಹಾಕಿದ ಪಾಲನ್ನು ಎಲೆಯಿಂದ ಎತ್ತಿ ಇನ್ನೊಂದು ಎಲೆಗೆ ಹಾಕುವ ಕಾಲ ಅದಲ್ಲ, ಅದು ನಿನಗೂ ಗೊತ್ತಿತ್ತು. ನೀನು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, "ಈ ಸೂರು ನಿಂತಿರಗಂಟ ಈ ಮನೇಲಿ ಒಂದು ತುತ್ತು ಮುಟ್ಟಲ್ಲ ಕಣಕ್ಕ" ಎಂದು ಹೇಳಿ ಹೊರಟೆ. ನಿನ್ನ ಹೆಗಲಿನ ಅಂಗಿ ಹರಿದು ಚರ್ಮ ಕೆಂಪಾಗಿತ್ತು. ಊರಿನಲ್ಲಿ ಅವ್ವ ಮಸಾಲೆ ಅರೆದಿಟ್ಟುಕೊಂಡು ಕಾಯುತ್ತಿದ್ದಳಂತೆ. ನೀನು ಬರಿಗೈಯಲ್ಲಿ ಬಂದದ್ದು ನೋಡಿ, ಏನೂ ಕೇಳದೆ ಆ ಮಸಾಲೆಗೆ ಬದನೆಕಾಯಿ ಹಾಕಿದಳು ಎಂದು ಆಮೇಲೆ ದೇವೀರಮ್ಮ ಹೇಳಿದಳು.

ನಿಮ್ಮ ಭಾವ ಎರಡು ಸಲ ನಿನ್ನನ್ನು ಕರೆಯಲು ಬಂದರು. ನೀನು ಎರಡು ಸಲವೂ ಕೋಳಿ ಕೊಯ್ದು ಊಟ ಹಾಕಿ ಬಸ್ಸು ಹತ್ತಿಸಿದೆ. ಅವರು ಮನೆಗೆ ಬಂದು, ನಿನ್ನ ತಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಬಿಡುವುದಿಲ್ಲ ಕಣೆ ಅವನು ಎಂದು ನಕ್ಕರು. ಅವರು ತೀರಿಕೊಂಡಾಗ ನೀನು ಬಂದೆ. ಹೊಂಗೆ ಮರದ ಕೆಳಗೆ ನಿಂತೆ, ಹೆಗಲು ಕೊಟ್ಟೆ, ತಿಥಿಯ ದಿನವೂ ಬಂದು ಎದುರು ಮನೆಯ ಜಗಲಿಯಲ್ಲಿ ಕೂತು ಅವರ ಮನೆಯ ನೀರು ಕುಡಿದು ಹೋದೆ. ನಾನು ಒಳಗಿನಿಂದ ನೋಡಿದೆ. ಕರೆಯಲಿಲ್ಲ. ಮಾತು ಕೊಟ್ಟವನ ಕೈಯಲ್ಲಿ ಮಾತು ಮುರಿಸುವುದು ನನ್ನ ಸ್ವಭಾವವಲ್ಲ. ಅಪ್ಪ ನಮ್ಮನ್ನು ಹಾಗೆ ಬೆಳೆಸಲೂ ಇಲ್ಲ. ಮಾವ ಹೋದರು, ಆ ಶೇಕ್ದಾರರೂ ಎಲ್ಲಿಗೋ ವರ್ಗವಾಗಿ ಹೋದರು, ಮಾರಯ್ಯ ಹೋಗಿ ನಾಲ್ಕು ವರ್ಷವಾಯಿತು. ಆ ದಿನ ಅಲ್ಲಿದ್ದವರಲ್ಲಿ ಈಗ ಉಳಿದಿರುವುದು ನೀನು, ನಾನು, ಆಗ ನನ್ನ ಹೆಗಲೆತ್ತರ ಇದ್ದ ನಂಜುಂಡ. ಅವನಿಗೆ ನೆನಪಿರುವುದು ಶೇಕ್ದಾರರ ಸೈಕಲ್ಲು ಮಾತ್ರ.

ಮನೆ ತುಂಬ ಜನ ಇದ್ದಾರೆ ಮಾದು, ಯಾರೂ ನನ್ನನ್ನು ಕಡೆಗಣಿಸಿಲ್ಲ. ಸೊಸೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಾಳೆ. ಅವ್ವ ಎನ್ನುತ್ತಾರೆ, ಅಜ್ಜಿ ಎನ್ನುತ್ತಾರೆ, ಹೊರಗಿನವರು ಅಮ್ಮಾವ್ರೆ ಎನ್ನುತ್ತಾರೆ. ಮುತ್ತಕ್ಕ ಎಂದು ಕರೆಯುವವರು ಈ ಊರಿನಲ್ಲಿ ಯಾರೂ ಇಲ್ಲ. ಹೊಸ ಮೋಲ್ಡಿನ ಕೆಳಗೆ ಮಲಗಿದರೆ ಏನೂ ಕೇಳಿಸುವುದಿಲ್ಲ. ಹಳೆಯ ಸೂರಿನಲ್ಲಿ ಅಳಿಲು ಓಡುವುದು, ಹೆಂಚು ಬಿಸಿಲಿಗೆ ಚಟಪಟ ಎನ್ನುವುದು, ಗಾಳಿಗೆ ಅಳ್ಳೆ ಆಡುವುದು ಎಲ್ಲ ಕೇಳಿಸುತ್ತಿತ್ತು. ಈಗ ತಲೆಯ ಮೇಲೆ ಚಪ್ಪಟೆಯಾಗಿ ಒಂದೇ ಬಿಳಿ. ಯಾರ ಹೆಗಲೂ ಇಲ್ಲದೆ ಕಬ್ಬಿಣದ ಕಂಬಿಯ ಮೇಲೆ ತಾನೇ ನಿಂತಿದೆ. ಗಟ್ಟಿಯಾಗಿದೆ ಎಂದು ಎಲ್ಲರೂ ಹೊಗಳುತ್ತಾರೆ, ನಾನೂ ಹೌದು ಎನ್ನುತ್ತೇನೆ. ಮೊದಲ ವಾರಗಳಲ್ಲಿ ಅದರ ಮೇಲೆ ಸಿಮೆಂಟಿನ ಬದು ಕಟ್ಟಿ ಗದ್ದೆಯ ಹಾಗೆ ನೀರು ನಿಲ್ಲಿಸಿದ್ದರು. ನಂಜುಂಡ ಬದು ಒಡೆದುಕೊಂಡು ಎರಡು ಸಲ ನೀರು ಸೋರಿಸಿದ. ನಮ್ಮ ಮಾದು ಇದ್ದಿದ್ದರೆ ಒಂದು ಹನಿ ಆಚೆ ಹೋಗಲು ಬಿಡುತ್ತಿರಲಿಲ್ಲ ಎಂದೆ. ಅವನು ಯಾವ ಮಾದು ಎಂದ.

ಅಳ್ಳೆಯನ್ನು ನಾನೇನು ಮಾಡಿದೆ ಎಂದು ಹೇಳಲಿಲ್ಲ. ಉದ್ದುದ್ದ ಸೀಳಿ, ಉಪ್ಪು ಅರಿಶಿನ ತಿಕ್ಕಿ, ದಾರಕ್ಕೆ ಪೋಣಿಸಿ ಉಪ್ಪುಕಂಡ ಮಾಡಿದ್ದೇನೆ. ಮೋಲ್ಡಿನ ಮೇಲೆ, ನಿಂತ ನೀರಿಗೆ ತಾಗದಂತೆ ಎತ್ತರಕ್ಕೆ ಎರಡು ಕಂಬಿಗೆ ಕಟ್ಟಿ ಒಣಗಿಸಿದೆ. ಮಂಡಿ ನೋವಿದ್ದರೂ ದಿನವೂ ನಾನೇ ಹತ್ತಿ ಕಾಗೆ ಕಾದೆ, ಇನ್ನೊಬ್ಬರನ್ನು ಕಾಯಲು ಬಿಡಲಿಲ್ಲ. ಮೇಲೆ ನಿಂತರೆ ಎಲ್ಲರ ಮನೆಯ ನೆತ್ತಿಯೂ ಕಾಣುತ್ತದೆ, ನರಸೀಪುರದ ದಿಕ್ಕು ಕಾಣುತ್ತದೆ. ಈಗ ಅದು ಚೆನ್ನಾಗಿ ಒಣಗಿ ಮಡಕೆ ಸೇರಿದೆ. ಮೂರು ತಿಂಗಳು ಕೆಡುವುದಿಲ್ಲ. ಮಡಕೆಗೆ ಯಾರೂ ಕೈ ಹಾಕಬಾರದೆಂದು ಹೇಳಿದ್ದೇನೆ. ಕೋಮಲ ಹಾಳೆಯ ಕೊನೆಗೆ ಜಾಗ ಬಿಟ್ಟಿದ್ದಾಳೆ, ಅಪ್ಪ ಹೇಳಿದ ಪೂರ್ತಿ ಮಾತನ್ನು ಬರೆಯಲು. ಕಾಲೇಜು ತೆರೆಯುವ ಮೊದಲು ಬೇಕಂತೆ. ಅದನ್ನು ನೀನು ಕಾಗದದಲ್ಲಿ ಬರೆದು ಕಳಿಸಿದರೆ ನಡೆಯುವುದಿಲ್ಲ, ನಿನ್ನ ಅಕ್ಷರವನ್ನು ನೀನೇ ಓದಲಾರೆ.

ದೇವೀರಮ್ಮನಿಗೆ, ಮಕ್ಕಳಿಗೆ, ಸೊಸೆಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಅಪ್ಪ ಅವ್ವನ ಸಮಾಧಿಯ ಗುಡ್ಡೆಯ ಮೇಲೆ ಗಿಡ ಬೆಳೆದಿದ್ದರೆ ತೆಗೆಸು. ನೀನು ಚೆನ್ನಾಗಿರು. ನಾಲೆಯ ಕಡೆ ಒಬ್ಬನೇ ಹೋಗಬೇಡ, ನೀರು ತನ್ನಷ್ಟಕ್ಕೆ ಹರಿಯುತ್ತದೆ.

ಇಂತಿ ನಿನ್ನ ಒಬ್ಬಳೇ ಅಕ್ಕ,
ಮುತ್ತಮ್ಮ

ಮರೆತೆ: ನಿಂಗರಾಜು ಬಸ್ಸು ತಪ್ಪುತ್ತದೆ ಎಂದು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಉಪ್ಪುಕಂಡ ಕೊಡಿ, ತಲುಪಿಸುತ್ತೇನೆ ಎಂದ. ಕೊಡಲಿಲ್ಲ, ಅದು ಅಕ್ಕನ ಕೈಯಿಂದಲೇ ಬರಬೇಕಾದ ಪಾಲು. ಇನ್ನೊಂದು ಮಾತು. ನೀನು ಇನ್ನೆಂದೂ ಇಲ್ಲಿ ಉಣ್ಣುವುದಿಲ್ಲ ಎಂದು ಆಣೆ ಇಟ್ಟೆ ಎಂದೇ ಇವರೆಲ್ಲ ತಿಳಿದಿದ್ದಾರೆ. ನೀನು ಹೇಳಿದ್ದು ಹಾಗಲ್ಲ, ಈ ಸೂರು ನಿಂತಿರುವವರೆಗೆ ಎಂದು. ಹಿತ್ತಲ ಬಾಗಿಲಲ್ಲಿ ಕೇಳಿಸಿಕೊಂಡವಳು ನಾನೊಬ್ಬಳೇ. ಆ ಸೂರು ಈಗ ಇಲ್ಲ ಮಾದು. ಹೆಂಚು ಊರು ಬಿಟ್ಟು ಹೋಯಿತು, ಮರ ಬೂದಿಯಾಯಿತು, ಒಂದು ಗಳವನ್ನೂ ಕೊಟ್ಟಿಗೆಗೆ ಸೇರಲು ಬಿಡದೆ ನಾನೇ ನಿಂತು ಸುಡಿಸಿದ್ದೇನೆ. ನಿನ್ನ ಮಾತು ಎಲ್ಲೂ ಮುರಿದಿಲ್ಲ. ಹಲ್ಲಿಲ್ಲ ಎಂದು ನೆಪ ಹೇಳಬೇಡ, ಒರಳಿನಲ್ಲಿ ಕುಟ್ಟಿ ಮೆತ್ತಗೆ ಮಾಡಿಕೊಡುತ್ತೇನೆ. ಬರುವಾಗ ಕಂಬಳಿ ತರಬೇಡ. ಈ ಸೂರಿಗೆ ನಿನ್ನ ಹೆಗಲು ಬೇಕಿಲ್ಲ. ಬಂದು ಊಟಕ್ಕೆ ಕೂರು.